ತಂತಿಯೊಳಗಿನ ಮಳೆ

ಭಾರತದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಬೆಳ್ತಂಗಡಿಯ ನಮ್ಮ ಚಾವಡಿಗೆ ಅದು ಬರಲು ಎಂಟು ವರ್ಷ ಹಿಡಿಯಿತು.

2003ರ ಆಟಿ ತಿಂಗಳಲ್ಲಿ ದುಬೈಯ ತಮ್ಮ ತನ್ನ ಮಗುವಿನ ಫೋಟೊ ಕಳುಹಿಸಿದ. ನೋಡಲೆಂದೇ ಅಮ್ಮ ಬಂಟ್ವಾಳದಿಂದ ಬಸ್ಸು ಹಿಡಿದು ಬಂದಿದ್ದಳು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಕೂದಲು ಬಂತು, ಹಣೆ ಬಂತು. ಕಣ್ಣು ಮೂಡುವಷ್ಟರಲ್ಲಿ ಸಂಪರ್ಕ ಕಡಿಯಿತು. ಮೂರು ಸಲವೂ ಹೀಗೇ.

ನಾನು ಕಂಪ್ಯೂಟರನ್ನೇ ಬೈದು, ಬೇಡದ ಕಡತಗಳನ್ನು ಅಳಿಸಿದೆ. ಲೆಕ್ಕ ಹಾಕಿದ್ದರೆ ತಿಳಿಯುತ್ತಿತ್ತು. ಮೋಡೆಮ್‌ನ ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್, ಅಂದರೆ 7 ಕಿಲೋಬೈಟ್. 700 ಕಿಲೋಬೈಟಿನ ಚಿತ್ರಕ್ಕೆ 100 ಸೆಕೆಂಡು ಸಾಕು. ಹತ್ತು ನಿಮಿಷವಾದರೂ ಅರ್ಧ ಬಾರದಿದ್ದರೆ ಸಂಶಯಿಸಬೇಕಾದದ್ದು ತಂತಿಯನ್ನು. ಅಲ್ಲಿ ಗದ್ದಲವಿದ್ದರೆ ಮೋಡೆಮ್ ವೇಗ ತಗ್ಗಿಸುತ್ತದೆ, ಕೊನೆಗೆ ಕೈಬಿಡುತ್ತದೆ.

"ಫೋನು ಕಿವಿಗಿಟ್ಟರೆ ಸಾಸಿವೆ ಸಿಡಿದ ಹಾಗೆ ಕೇಳುತ್ತದಲ್ಲ ಮಗಾ?" ಎಂದಳು ಅಮ್ಮ.

ಹೊರಗೋಡೆಯ ಪೆಟ್ಟಿಗೆ ಬಿಚ್ಚಿದರೆ ಜೋಡಣೆಯಲ್ಲಿ ಹಸಿರು ಕಿಲುಬು. ಒರೆಸಿ, ಕೆರೆದು, ಬಿಗಿದೆ. ನಾಲ್ಕನೆಯ ಸಲ ಕಣ್ಣು, ಮೂಗು, ನಗು ಎಲ್ಲ ಇಳಿದವು. ಅಮ್ಮ ಪರದೆಯ ಮೇಲೆಯೇ ಮೊಮ್ಮಗುವಿನ ಕೆನ್ನೆ ಸವರಿದಳು.

2004ರ ಸರಕಾರಿ ನೀತಿ ಕನಿಷ್ಠ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಆಮೇಲೆ ಬಂದ ಗಾಜಿನೆಳೆಯಲ್ಲಿ ಬೆಳಕೇ ಓಡುವುದರಿಂದ ತಾಮ್ರದ ಕಿಲುಬಿನ ಭಯವಿಲ್ಲ. ಆದರೆ ಅದು ಎಲ್ಲರ ಮನೆಗೂ ಬಂದಿರಲಿಲ್ಲ. 2020ರಲ್ಲಿ ಮೂಡುಬಿದಿರೆಯ ನನ್ನ ತರಗತಿ ಮೊಬೈಲಿಗೆ ಬಂದಾಗ ಒಬ್ಬ ಹುಡುಗ ಪದೇ ಪದೇ ಮಾಯವಾಗುತ್ತಿದ್ದ. ಸೋಮಾರಿ ಎನ್ನಲು ಬಾಯಿ ತೆರೆದೆ. ಆಗ ಸಾಸಿವೆಯ ಸದ್ದು ನೆನಪಾಯಿತು. "ಎಲ್ಲಿ ಕೂತಿದ್ದಿ ಮಗಾ?" ಎಂದು ಕೇಳಿದೆ.

"ಗುಡ್ಡೆಯ ಮೇಲೆ ಟೀಚರ್, ಮಳೆ ಬರ್ತಾ ಉಂಟು" ಎಂದ.