ಆಸ್ಕರ್ ಗೆದ್ದ ಸದ್ದು ಡಿವಿಡಿಯಲ್ಲಿ ಇರಲಿಲ್ಲ!

ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಸಿನಿಮಾ ಡಿಸ್ಕು ತರುವಾಗ ನಾವು ಚಿತ್ರ ಸ್ಪಷ್ಟವಾಗಿದೆಯೇ ಎಂದಷ್ಟೇ ನೋಡುತ್ತೇವೆ. ಸದ್ದಿನ ವಿಷಯದಲ್ಲಿ ಹೊದಿಕೆಯ ಮೇಲೆ ‘5.1’ ಎಂದಿದ್ದರೆ ಸಾಕು, ಚೆನ್ನಾಗಿರಲೇಬೇಕು ಅಂದುಕೊಳ್ಳುತ್ತೇವೆ. ಇದು ಎಷ್ಟು ಸರಿ? ಒಂದು ಹಳೆಯ ಸಿನಿಮಾದ ಕಥೆ ಕೇಳಿ.

1975ರಲ್ಲಿ ಅಮೆರಿಕದಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನದ ‘ಜಾಸ್’ ತೆರೆಕಂಡಿತು. ಶಾರ್ಕ್ ಕಣ್ಣಿಗೆ ಬೀಳುವ ಮೊದಲೇ ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಸಂಗೀತ ನಮ್ಮ ಎದೆ ನಡುಗಿಸುತ್ತದೆ. ಆ ಸಿನಿಮಾದ ಸದ್ದು ಮೊನೊ. ಅಂದರೆ ಮಾತು, ಸಂಗೀತ, ಅಲೆಯ ಸದ್ದು ಎಲ್ಲವೂ ಒಂದೇ ಚಾನೆಲ್‌ನಲ್ಲಿ. ಆ ಮೊನೊ ಸದ್ದಿಗೇ ಆಸ್ಕರ್ ಪ್ರಶಸ್ತಿಯೂ ಬಂತು.

ಮುಂದೆ ಮನೆಗೆ ಡಿಸ್ಕುಗಳು ಬಂದವು. 1993ರ ವಿಸಿಡಿಯಲ್ಲಿ ಎರಡು ಚಾನೆಲ್. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿಯಲ್ಲಿ 5.1: ಮುಂದೆ ಮೂರು, ಹಿಂದೆ ಎರಡು, ಗುಡುಗಿನಂಥ ತಗ್ಗುದನಿಗೆ ಇನ್ನೊಂದು. ಹಳೆಯ ಮೊನೊ ಚಿತ್ರಗಳನ್ನೂ 5.1ಕ್ಕೆ ಹೊಸದಾಗಿ ಹೊಂದಿಸತೊಡಗಿದರು. 2000ದಲ್ಲಿ ಬಂದ ‘ಜಾಸ್’ ಡಿವಿಡಿಯಲ್ಲಿ ಇದ್ದದ್ದು ಈ ಹೊಸ ಸದ್ದು ಮಾತ್ರ. ಆಸ್ಕರ್ ಗೆದ್ದ ಮೊನೊ ಇರಲೇ ಇಲ್ಲ! ಅಭಿಮಾನಿಗಳು ತಕರಾರು ಎತ್ತಿದರು. 2005ರ ಡಿವಿಡಿಯಲ್ಲಿ ಮೊನೊ ಮರಳಿ ಬಂತು.

2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಸದ್ದನ್ನು ಒಂದಿಷ್ಟೂ ಕಳೆಯದೆ ತುಂಬಬಹುದು. ಆದರೆ ತುಂಬಿದ್ದು ಮೂಲ ಸದ್ದೋ, ಬದಲಿಸಿದ್ದೋ? ಪ್ರಶ್ನೆ ಅದೇ ಉಳಿಯುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಸಿನಿಮಾ ಬಂದಾಗ ಅದರ ಸದ್ದು ಹೇಗಿತ್ತೆಂದು ಮೊದಲು ತಿಳಿಯಿರಿ. ಡಿಸ್ಕಿನ ಮೆನುವಿನಲ್ಲಿ ಮೂಲ ಸದ್ದಿನ ಆಯ್ಕೆ ಇದೆಯೇ ನೋಡಿ. ಆಮೇಲೆ ಕಣ್ಣು ಮುಚ್ಚಿ ಮಾತು ಕೇಳಿ. ಸಂಗೀತದ ಅಬ್ಬರದಲ್ಲಿ ಮಾತು ಮುಳುಗುತ್ತಿದೆಯೇ? ‘ಸ’, ‘ಶ’ ಅಕ್ಷರಗಳು ಮಂಕಾಗಿವೆಯೇ? ಹಳೆಯ ಪ್ರತಿಯ ‘ಸ್ಸ್’ ಎಂಬ ಗೊರಗೊರ ತೆಗೆಯಲು ಹೋಗಿ ಅತಿಯಾಗಿ ಉಜ್ಜಿದರೆ ಮೊದಲು ಸವೆಯುವುದು ಈ ಅಕ್ಷರಗಳೇ.

ನಮ್ಮ ಹಳೆಯ ಕನ್ನಡ ಸಿನಿಮಾಗಳೂ ಬಹುಪಾಲು ಮೊನೊ. ಗಡಿಯಾಚೆಯ ನಮ್ಮ ಮಕ್ಕಳಿಗೆ ಪಾಠದ ಹೊರಗೆ ಒಳ್ಳೆಯ ಕನ್ನಡ ಕಿವಿಗೆ ಬೀಳುವ ದಾರಿಗಳು ಕಡಿಮೆ. ಅದರಲ್ಲಿ ಸಿನಿಮಾ ಒಂದು. ಹಿಂದಿನಿಂದ ಗುಡುಗು ಕೇಳದಿದ್ದರೆ ಬೇಡ, ಮುಂದಿನಿಂದ ಮಾತು ನೆಟ್ಟಗೆ ಕೇಳಲಿ. ನೀವೇನಂತೀರಿ?