ರಕ್ಷಣೆಯ ನಿಶ್ಚಯ: ಒಂದು ವಿವಾದದ ಇತಿಹಾಸ

ಪಾಪದಿಂದಲೂ ಮರಣದಿಂದಲೂ ಮನುಷ್ಯನನ್ನು ಉದ್ಧರಿಸಿ ಅವನಿಗೆ ನಿತ್ಯಜೀವವನ್ನು ದಯಪಾಲಿಸುವವನು ದೇವರೇ ಎಂಬ ವಿಷಯದಲ್ಲಿ ಕ್ರೈಸ್ತ ಪಂಗಡಗಳೊಳಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ರಕ್ಷಣೆಯು ತನಗೆ ದೊರೆತಿದೆಯೆಂಬುದನ್ನು ಒಬ್ಬ ವ್ಯಕ್ತಿಯು ತಾನು ಬದುಕಿರುವಾಗಲೇ ನಿಶ್ಚಯವಾಗಿ ತಿಳಿಯಬಲ್ಲನೇ ಎಂದು ಕೇಳಿದೊಡನೆ ಆ ಒಮ್ಮತವು ಒಡೆಯುತ್ತದೆ. ನಮ್ಮ ಕಾಲೇಜುಗಳಲ್ಲಿ ಯೂರೋಪಿನ ಇತಿಹಾಸವನ್ನು ಅಭ್ಯಾಸಮಾಡುವವರು ಮತಸುಧಾರಣೆಯ ಕಾರಣಗಳನ್ನು ಹೇಳುವಾಗ ಪಾಪಕ್ಷಮಾಪತ್ರಗಳ ಮಾರಾಟವನ್ನೂ, ಮಠಾಧಿಪತಿಗಳ ಐಶ್ವರ್ಯವನ್ನೂ, ರಾಜರ ಸ್ವಾರ್ಥವನ್ನೂ, ಮುದ್ರಣಯಂತ್ರದ ಪ್ರಭಾವವನ್ನೂ ಎಣಿಸುವುದು ವಾಡಿಕೆ. ಇವು ಸರಿಯಾದ ಕಾರಣಗಳೇ. ಆದರೆ ಸಾಮಾನ್ಯ ಜನರ ಅಂತಃಕರಣವನ್ನು ಕಲಕಿದ ಈ ಒಂದು ಪ್ರಶ್ನೆಯನ್ನು ಬಿಟ್ಟರೆ ಆ ಚಳವಳಿಯ ತೀವ್ರತೆ ನಮಗೆ ಅರ್ಥವಾಗದು.

ಈ ಪ್ರಶ್ನೆಯೊಳಗೆ ವಾಸ್ತವವಾಗಿ ಎರಡು ಪ್ರಶ್ನೆಗಳು ಅಡಗಿವೆ. ಈಗ ನಾನು ದೇವರ ಕೃಪೆಗೆ ಪಾತ್ರನಾಗಿದ್ದೇನೆಯೇ ಎಂಬುದು ಮೊದಲನೆಯದು. ಕಡೆಯವರೆಗೂ ಆ ಕೃಪೆಯಲ್ಲಿ ನೆಲೆನಿಲ್ಲುವೆನೇ ಎಂಬುದು ಎರಡನೆಯದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಎಷ್ಟೋ ಗೊಂದಲಗಳು ಹುಟ್ಟಿವೆ. ಯಾವ ಪಂಗಡವು ಯಾವ ಪ್ರಶ್ನೆಗೆ ಏನೆಂದು ಉತ್ತರವಿತ್ತಿತು, ಆ ಉತ್ತರದಿಂದ ಭಕ್ತರಿಗೆ ಸಮಾಧಾನ ದೊರೆಯಿತೇ ಎಂಬುದನ್ನು ಸಂಗ್ರಹವಾಗಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ವಿವಾದದ ಬೀಜವು ಹೊಸ ಒಡಂಬಡಿಕೆಯಲ್ಲಿಯೇ ಇದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ, ನಾವು ದೇವರ ಮಕ್ಕಳೆಂಬುದಕ್ಕೆ ಪವಿತ್ರಾತ್ಮನೇ ಸಾಕ್ಷಿಯೆಂದೂ, ಸೃಷ್ಟಿಯ ಯಾವ ವಸ್ತುವೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದೆಂದೂ ಹೇಳುತ್ತಾನೆ. ಅದೇ ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ, ಅವರು ತಮ್ಮ ರಕ್ಷಣೆಯನ್ನು ಭಯದಿಂದಲೂ ನಡುಕದಿಂದಲೂ ಸಾಧಿಸಿಕೊಳ್ಳಬೇಕೆಂದು ಬೋಧಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ಒಮ್ಮೆ ಬೆಳಕನ್ನು ಕಂಡು ಅನಂತರ ಬಿದ್ದುಹೋದವರ ವಿಷಯವಾಗಿ ಕಠೋರವಾದ ಎಚ್ಚರಿಕೆಯಿದೆ. ಧೈರ್ಯ ಹೇಳುವ ವಚನಗಳೂ ಭಯ ಹುಟ್ಟಿಸುವ ವಚನಗಳೂ ಒಂದೇ ಗ್ರಂಥದಲ್ಲಿ ಇರುವುದರಿಂದ ಪ್ರತಿಯೊಂದು ಪಕ್ಷಕ್ಕೂ ಆಧಾರ ದೊರೆಯಿತು.

ಹಿಪ್ಪೋ ನಗರದ ಆಗಸ್ಟೀನನು (೩೫೪-೪೩೦) ತನ್ನ ಜೀವಿತದ ಕೊನೆಯ ವರ್ಷಗಳಲ್ಲಿ, ಕಡೆಯವರೆಗೂ ನೆಲೆನಿಲ್ಲುವುದು ದೇವರ ವರವೇ ಹೊರತು ಮನುಷ್ಯನ ಸಾಧನೆಯಲ್ಲವೆಂದು ವಾದಿಸಿ ಒಂದು ಗ್ರಂಥವನ್ನೇ ರಚಿಸಿದನು. ಆದರೆ ಆ ವರವು ತನಗೆ ದೊರೆತಿದೆಯೆಂದು ಯಾರೂ ಸಾಯುವ ಮುನ್ನ ಹೇಳಲಾರರೆಂಬುದು ಅವನ ನಿಲುವು. ದೇವರು ಆರಿಸಿಕೊಂಡವರು ಎಂದಿಗೂ ನಾಶವಾಗರು. ಆದರೆ ತಾನು ಆರಿಸಲ್ಪಟ್ಟವನೋ ಅಲ್ಲವೋ ಎಂಬುದು ಭಕ್ತನಿಗೆ ಗುಪ್ತವಾಗಿಯೇ ಉಳಿಯುತ್ತದೆ.

ಈ ಗುಪ್ತತೆಯು ಭಕ್ತರಿಗೆ ಎಷ್ಟು ಭಾರವಾಗಿದ್ದಿತೆಂಬುದಕ್ಕೆ ಆರನೆಯ ಶತಮಾನದ ಕೊನೆಯ ಒಂದು ಪತ್ರವು ನಿದರ್ಶನವಾಗಿದೆ. ಕಾನ್‌ಸ್ಟಾಂಟಿನೋಪಲ್ಲಿನ ಸಾಮ್ರಾಜ್ಞಿಯ ಅಂತಃಪುರದಲ್ಲಿ ಸೇವೆಯಲ್ಲಿದ್ದ ಗ್ರೆಗೋರಿಯಾ ಎಂಬ ಕುಲೀನ ಸ್ತ್ರೀಯು, ತನ್ನ ಪಾಪಗಳು ಕ್ಷಮಿಸಲ್ಪಟ್ಟಿವೆಯೆಂಬ ದೈವಪ್ರಕಟನೆ ತಮಗಾಗಿದೆಯೆಂದು ತಿಳಿಸುವವರೆಗೂ ತಾನು ಬೇಡುವುದನ್ನು ನಿಲ್ಲಿಸುವುದಿಲ್ಲವೆಂದು ಪೋಪ್ ಮೊದಲನೆಯ ಗ್ರೆಗರಿಗೆ ಬರೆದಿದ್ದಳು. ಗ್ರೆಗರಿಯು ಉತ್ತರದಲ್ಲಿ, ಅವಳ ಬೇಡಿಕೆ ಕಷ್ಟಸಾಧ್ಯವೂ ನಿಷ್ಪ್ರಯೋಜಕವೂ ಆದುದೆಂದನು. ಅಂಥ ಪ್ರಕಟನೆಗೆ ತಾನು ಯೋಗ್ಯನಲ್ಲವಾದುದರಿಂದ ಅದು ಕಷ್ಟ. ಕಡೆಯ ದಿನದವರೆಗೂ ಪಾಪದ ಭಯವಿರುವುದೇ ಆತ್ಮಕ್ಕೆ ಹಿತವಾದುದರಿಂದ ಅದು ನಿಷ್ಪ್ರಯೋಜಕ. ಮುಂದಿನ ಒಂಬತ್ತು ಶತಮಾನಗಳ ಕಾಲ ಪಾಶ್ಚಾತ್ಯ ಸಭೆಯು ಹೆಚ್ಚುಕಡಮೆ ಇದೇ ಮಾರ್ಗವನ್ನು ಅನುಸರಿಸಿತು. ಹದಿಮೂರನೆಯ ಶತಮಾನದ ತಾಮಸ್ ಅಕ್ವಿನಾಸನು ಇದಕ್ಕೆ ಶಾಸ್ತ್ರೀಯ ರೂಪವನ್ನಿತ್ತನು. ದೇವರಲ್ಲಿ ಆನಂದಪಡುವುದು, ಲೌಕಿಕ ವಸ್ತುಗಳನ್ನು ತುಚ್ಛವೆಂದೆಣಿಸುವುದು ಮೊದಲಾದ ಚಿಹ್ನೆಗಳಿಂದ ಒಬ್ಬನು ತಾನು ಕೃಪೆಯಲ್ಲಿರುವೆನೆಂದು ಊಹಿಸಬಹುದೇ ಹೊರತು, ವಿಶೇಷ ಪ್ರಕಟನೆಯಿಲ್ಲದೆ ನಿಶ್ಚಯವಾಗಿ ಅರಿಯಲಾರನೆಂದು ಅವನು ನಿರ್ಣಯಿಸಿದನು.

೨

ಮಾರ್ಟಿನ್ ಲೂಥರನು ೧೫೦೫ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿದುದು ಈ ವಾತಾವರಣದಲ್ಲಿ. ಉಪವಾಸ, ಜಾಗರಣೆ, ಪದೇ ಪದೇ ಪಾಪನಿವೇದನೆ ಇವು ಯಾವುವೂ ಅವನ ಮನಸ್ಸಿಗೆ ಶಾಂತಿಯನ್ನು ತರಲಿಲ್ಲ. ಪಶ್ಚಾತ್ತಾಪವು ಸಾಕಷ್ಟು ಆಯಿತೆಂದು ಅಳೆದು ಹೇಳುವವರಾರು ಎಂಬುದೇ ಅವನ ಸಂಕಟವಾಗಿದ್ದಿತು. ಕ್ರಮೇಣ ಅವನು ಕಂಡುಕೊಂಡ ಪರಿಹಾರವೇನೆಂದರೆ, ತನ್ನ ಪಶ್ಚಾತ್ತಾಪದ ಆಳವನ್ನು ನೋಡದೆ, ಗುರುವಿನ ಬಾಯಿಂದ ಕೇಳಿಬರುವ ಕ್ಷಮಾವಾಕ್ಯವನ್ನು ಕ್ರಿಸ್ತನ ವಾಗ್ದಾನವೆಂದು ನಂಬಬೇಕು. ಆ ವಾಕ್ಯವನ್ನು ಸಂದೇಹಿಸುವುದು ಕ್ರಿಸ್ತನನ್ನೇ ಸುಳ್ಳುಗಾರನನ್ನಾಗಿ ಮಾಡಿದಂತೆ.

೧೫೧೮ರ ಅಕ್ಟೋಬರಿನಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪೋಪರ ಪ್ರತಿನಿಧಿಯಾದ ಕಾರ್ಡಿನಲ್ ಕಾಯೆತಾನನು ಲೂಥರನನ್ನು ವಿಚಾರಣೆಗೆ ಕರೆಸಿದಾಗ ಎರಡು ವಿಷಯಗಳನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿದನು. ಪಾಪಕ್ಷಮಾಪತ್ರಗಳಿಗೆ ಆಧಾರವಾದ ಪುಣ್ಯಭಂಡಾರದ ಪ್ರಶ್ನೆ ಒಂದು. ಕ್ಷಮೆ ದೊರೆತಿದೆಯೆಂಬ ನಿಶ್ಚಿತವಾದ ನಂಬಿಕೆ ಭಕ್ತನಿಗೆ ಅವಶ್ಯವೆಂಬ ಬೋಧನೆ ಮತ್ತೊಂದು. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಮಾತ್ರ ನೆನೆಯುತ್ತವೆ. ಆದರೆ ವಿಚಕ್ಷಣನಾದ ಕಾಯೆತಾನನು ಎರಡನೆಯದರ ಪರಿಣಾಮವನ್ನೂ ಚೆನ್ನಾಗಿ ಗ್ರಹಿಸಿದ್ದನು. ಇದು ಹೊಸದೊಂದು ಸಭೆಯನ್ನು ಕಟ್ಟಿದಂತಾಗುವುದೆಂದು ಅವನು ಭೇಟಿಗೆ ಮುಂಚೆಯೇ ಬರೆದಿಟ್ಟಿದ್ದನು. ಅವನ ಊಹೆ ನಿಜವಾಯಿತು.

ರೋಮನ್ ಸಭೆಯ ಅಧಿಕೃತ ಉತ್ತರವು ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ, ೧೫೪೭ರ ಜನವರಿ ೧೩ರಂದು ಹೊರಬಿದ್ದಿತು. ಅದರ ಹಿಂದೆ ದೀರ್ಘವಾದ ಚರ್ಚೆ ನಡೆಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ನಿಶ್ಚಯವು ಸಾಧ್ಯವೆಂದು ಅಂಬ್ರೋಸಿಯಸ್ ಕ್ಯಾಥರಿನಸನೂ, ಅಸಾಧ್ಯವೆಂದು ಡೊಮಿಂಗೊ ದೆ ಸೋಟೊವೂ ವಾದಿಸಿದರು. ಇಬ್ಬರೂ ರೋಮನ್ ಸಭೆಗೆ ನಿಷ್ಠರಾದ ಡೊಮಿನಿಕನ್ ಪಂಡಿತರೇ. ಕೊನೆಗೆ ಮಹಾಸಭೆಯು ಒಂದು ಸೂಕ್ಷ್ಮವಾದ ಭೇದವನ್ನು ಮಾಡಿತು. ದೇವರ ಕರುಣೆಯನ್ನಾಗಲಿ ಕ್ರಿಸ್ತನ ಪುಣ್ಯವನ್ನಾಗಲಿ ಸಂಸ್ಕಾರಗಳ ಶಕ್ತಿಯನ್ನಾಗಲಿ ಯಾರೂ ಸಂದೇಹಿಸಕೂಡದು. ಆದರೆ ತನ್ನ ದೌರ್ಬಲ್ಯವನ್ನು ನೋಡಿಕೊಂಡಾಗ ತನ್ನ ಸ್ಥಿತಿಯ ವಿಷಯದಲ್ಲಿ ಭಯಪಡುವುದಕ್ಕೆ ಎಡೆಯುಂಟು, ಏಕೆಂದರೆ ತಪ್ಪಲಾರದಂಥ ನಂಬಿಕೆಯ ನಿಶ್ಚಯದಿಂದ ಅದನ್ನು ತಿಳಿಯಲು ಸಾಧ್ಯವಿಲ್ಲ. ಭಕ್ತನಿಗಿರುವುದು ನಿರೀಕ್ಷೆಯೇ ಹೊರತು ಜ್ಞಾನವಲ್ಲ.

೩

ಮತಸುಧಾರಕರೆಲ್ಲರೂ ನಮ್ಮ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರವನ್ನಿತ್ತರೆಂದು ಭಾವಿಸಲಾಗದು. ಲೂಥರನ ಅನುಯಾಯಿಗಳು ಮೊದಲನೆಯ ಪ್ರಶ್ನೆಗೆ ಹೌದೆಂದರು. ಎರಡನೆಯದರ ವಿಷಯದಲ್ಲಿ ೧೫೩೦ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟನೆಯು, ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರೆಂಬ ಮತವನ್ನು ಖಂಡಿಸಿತು. ಜಿನೀವಾದ ಜಾನ್ ಕ್ಯಾಲ್ವಿನನು ಎರಡಕ್ಕೂ ಹೌದೆಂದನು. ನಂಬಿಕೆಯೆಂದರೆ ದೇವರಿಗೆ ನಮ್ಮ ಮೇಲಿರುವ ಅನುಗ್ರಹದ ದೃಢವೂ ನಿಶ್ಚಿತವೂ ಆದ ಜ್ಞಾನವೆಂದು ತನ್ನ ಮುಖ್ಯ ಗ್ರಂಥದಲ್ಲಿ ಅವನು ಲಕ್ಷಣ ಹೇಳಿದನು. ೧೫೩೬ರಲ್ಲಿ ಮೊದಲು ಪ್ರಕಟವಾದ ಆ ಗ್ರಂಥದ ಅಂತಿಮ ಲ್ಯಾಟಿನ್ ಪರಿಷ್ಕರಣವು ೧೫೫೯ರದು. ದೇವರು ಆರಿಸಿಕೊಂಡವರು ಕಡೆಯವರೆಗೂ ಉಳಿಯುವರು. ತಾನು ಆರಿಸಲ್ಪಟ್ಟಿರುವೆನೇ ಎಂಬುದನ್ನು ಕ್ರಿಸ್ತನೆಂಬ ಕನ್ನಡಿಯಲ್ಲಿ ನೋಡಬೇಕೇ ಹೊರತು ತನ್ನೊಳಗೆ ಹುಡುಕಬಾರದೆಂದು ಅವನು ಎಚ್ಚರಿಸಿದನು.

ಈ ಎಚ್ಚರಿಕೆಯನ್ನು ಪಾಲಿಸುವುದು ಅವನ ಶಿಷ್ಯಪರಂಪರೆಗೆ ಸುಲಭವಾಗಲಿಲ್ಲ. ಆರಿಸಲ್ಪಟ್ಟವರು ಕೆಲವರೇ ಎಂದ ಮೇಲೆ, ಆ ಕೆಲವರಲ್ಲಿ ನಾನೊಬ್ಬನೇ ಎಂದು ಕೇಳದಿರುವುದು ಮನುಷ್ಯಸ್ವಭಾವಕ್ಕೆ ಅಸಾಧ್ಯ. ಕೇಂಬ್ರಿಜ್ಜಿನ ಬೋಧಕನಾದ ವಿಲಿಯಂ ಪರ್ಕಿನ್ಸನು (೧೫೫೮-೧೬೦೨) ನಂಬಿಕೆಯ ಗುರುತುಗಳನ್ನು ತನ್ನೊಳಗೇ ಪರೀಕ್ಷಿಸಿಕೊಳ್ಳುವ ಕ್ರಮವನ್ನು ವಿವರಿಸಿದನು. ನಿಜವಾದ ನಂಬಿಕೆಯು ಒಳ್ಳೆಯ ಫಲಗಳನ್ನು ಕೊಡುತ್ತದೆ. ನನ್ನಲ್ಲಿ ಆ ಫಲಗಳಿವೆ. ಆದುದರಿಂದ ನನ್ನ ನಂಬಿಕೆ ನಿಜವಾದುದು. ತರ್ಕವು ಸರಳ. ಆದರೆ ಅದರ ಎರಡನೆಯ ವಾಕ್ಯವನ್ನು ಯಾವ ಪ್ರಾಮಾಣಿಕನು ಅಳುಕಿಲ್ಲದೆ ಉಚ್ಚರಿಸಬಲ್ಲನು? ದಯಾಳುವಾದ ಪರ್ಕಿನ್ಸನು, ಕೃಪೆಗಾಗಿ ಹಂಬಲಿಸುವುದೇ ಕೃಪೆಯ ಗುರುತೆಂದು ದುರ್ಬಲರಿಗೆ ಸಮಾಧಾನ ಹೇಳಬೇಕಾಯಿತು.

ನೆದರ್ಲೆಂಡ್ಸಿನಲ್ಲಿ ಆರ್ಮೀನಿಯಸನ ಅನುಯಾಯಿಗಳು ೧೬೧೦ರಲ್ಲಿ ಐದು ಸೂತ್ರಗಳ ಮನವಿಯನ್ನು ಸಲ್ಲಿಸಿ, ಭಕ್ತನು ಕಡೆಯವರೆಗೂ ಉಳಿಯುವನೆಂಬುದನ್ನು ಇನ್ನೂ ವಿಚಾರಿಸಬೇಕೆಂದರು. ೧೬೧೮-೧೯ರ ಡಾರ್ಟ್ ಧರ್ಮಸಭೆಯು ಅವರನ್ನು ಖಂಡಿಸಿ, ಭಕ್ತರ ಸ್ಥಿರತೆಯನ್ನು ಸಿದ್ಧಾಂತವಾಗಿ ಘೋಷಿಸಿತು. ಆದರೆ ೧೬೪೬ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಕಟನೆಯ ಹದಿನೆಂಟನೆಯ ಅಧ್ಯಾಯವು ಗಮನಾರ್ಹವಾದ ಮಾತೊಂದನ್ನು ಸೇರಿಸಿತು: ನಿಶ್ಚಯವು ನಂಬಿಕೆಯ ಸ್ವರೂಪಕ್ಕೆ ಸೇರಿದುದಲ್ಲ, ನಿಜಭಕ್ತನು ಅದಕ್ಕಾಗಿ ದೀರ್ಘಕಾಲ ಕಾಯಬೇಕಾಗಬಹುದು, ದೊರೆತ ಮೇಲೂ ಅದು ಕುಂದಬಹುದು. ಕ್ಯಾಲ್ವಿನನಿಗೆ ನಂಬಿಕೆಯ ಲಕ್ಷಣವೇ ಆಗಿದ್ದುದು ಒಂದು ಶತಮಾನದೊಳಗೆ ನಂಬಿಕೆಯ ತರುವಾಯ ಬರಬಹುದಾದ ಫಲವಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಇದು ಸಾರ್ವಜನಿಕ ಕಲಹವಾಯಿತು. ಅಲ್ಲಿನ ಸಭೆಗಳಿಗೆ ಸೇರಬಯಸುವವರು ತಮ್ಮ ಆತ್ಮದಲ್ಲಿ ನಡೆದ ಕೃಪೆಯ ಕಾರ್ಯವನ್ನು ಎಲ್ಲರೆದುರು ನಿವೇದಿಸಬೇಕೆಂಬ ಪದ್ಧತಿ ೧೬೩೦ರ ದಶಕದಲ್ಲಿ ಬೆಳೆಯಿತು. ಸದಾಚಾರವನ್ನು ರಕ್ಷಣೆಯ ಗುರುತೆಂದು ತೋರಿಸುವುದು ಪುನಃ ಕರ್ಮಮಾರ್ಗವನ್ನೇ ಬೋಧಿಸಿದಂತೆ ಎಂದು ಆನ್ ಹಚಿನ್‌ಸನ್ ಎಂಬ ಸ್ತ್ರೀಯು ಬೋಧಕರನ್ನು ಆಕ್ಷೇಪಿಸಿದಳು. ೧೬೩೭ರಲ್ಲಿ ವಿಚಾರಣೆ ನಡೆದು, ಮರುವರ್ಷ ಅವಳು ವಸಾಹತನ್ನು ಬಿಡಬೇಕಾಯಿತು.

ಸಿದ್ಧಾಂತದ ಭಾರವು ಒಬ್ಬ ವ್ಯಕ್ತಿಯ ಮೇಲೆ ಹೇಗೆ ಬೀಳಬಹುದೆಂಬುದಕ್ಕೆ ಇಂಗ್ಲಿಷ್ ಕವಿ ವಿಲಿಯಂ ಕೂಪರನ (೧೭೩೧-೧೮೦೦) ಜೀವನವು ಕರುಣಾಜನಕವಾದ ಉದಾಹರಣೆ. ಆರಿಸಲ್ಪಟ್ಟವರು ನಾಶವಾಗರೆಂಬುದನ್ನು ಅವನು ಒಪ್ಪಿದ್ದನು. ಆದರೆ ೧೭೭೩ರಲ್ಲಿ ಕಂಡ ಒಂದು ಕನಸಿನ ಅನಂತರ, ತಾನೊಬ್ಬನು ಮಾತ್ರ ತಳ್ಳಲ್ಪಟ್ಟವನೆಂದು ನಂಬಿದನು. ಜಾನ್ ನ್ಯೂಟನನೊಡನೆ ಅವನು ರಚಿಸಿದ ಕೀರ್ತನೆಗಳು ೧೭೭೯ರಲ್ಲಿ ಪ್ರಕಟವಾಗಿ ಸಾವಿರಾರು ಜನರಿಗೆ ಧೈರ್ಯವನ್ನಿತ್ತವು. ಕವಿಗೆ ಮಾತ್ರ ಆ ಧೈರ್ಯ ದಕ್ಕಲಿಲ್ಲ. ಅವನ ಮನೋವ್ಯಾಧಿಗೆ ಸಿದ್ಧಾಂತವೊಂದೇ ಕಾರಣವೆನ್ನುವುದು ಅನ್ಯಾಯ. ಅದು ಮೊದಲಿನಿಂದಲೂ ಇದ್ದಿತು. ಆದರೆ ಆ ವ್ಯಾಧಿಯು ಮಾತನಾಡಿದ ಭಾಷೆಯು ಸಿದ್ಧಾಂತದ ಭಾಷೆಯೇ ಆಗಿದ್ದಿತು.

೪

ಹದಿನೆಂಟನೆಯ ಶತಮಾನದಲ್ಲಿ ಮೂರನೆಯದೊಂದು ಉತ್ತರವು ಕೇಳಿಬಂದಿತು. ಜಾನ್ ವೆಸ್ಲಿಯು ೧೭೩೬ರಲ್ಲಿ ಜಾರ್ಜಿಯಾಕ್ಕೆ ಹೋಗುವ ಹಡಗಿನಲ್ಲಿ ಬಿರುಗಾಳಿಗೆ ಸಿಕ್ಕಿದಾಗ, ಆಂಗ್ಲರು ಭೀತಿಯಿಂದ ಕೂಗಿಕೊಳ್ಳುತ್ತಿದ್ದರೂ ಜರ್ಮನ್ ಮೊರೇವಿಯನ್ನರು ಶಾಂತರಾಗಿ ಹಾಡುತ್ತಿದ್ದುದನ್ನು ಕಂಡು ಬೆರಗಾದನು. ೧೭೩೮ರ ಮೇ ೨೪ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ಲೂಥರನು ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯನ್ನು ಓದುತ್ತಿದ್ದಾಗ, ತನ್ನ ಪಾಪಗಳು ಪರಿಹಾರವಾದುವೆಂಬ ನಿಶ್ಚಯ ಅವನಿಗುಂಟಾಯಿತು. ಪೂರ್ವನಿರ್ಣಯವಾದವನ್ನು ಅವನು ನಿರಾಕರಿಸಿದನು. ಆದುದರಿಂದ ಪವಿತ್ರಾತ್ಮನ ಸಾಕ್ಷಿಯಿಂದ ಈಗಿನ ಸ್ಥಿತಿಯ ನಿಶ್ಚಯವು ದೊರೆಯುವುದೆಂದೂ, ಭಕ್ತನು ಕೃಪೆಯಿಂದ ಬೀಳಲೂಬಹುದೆಂದೂ ಬೋಧಿಸಿದನು. ಆರಂಭದಲ್ಲಿ ಈ ನಿಶ್ಚಯವಿಲ್ಲದವನು ನಿಜಕ್ರೈಸ್ತನೇ ಅಲ್ಲವೆಂಬಂತೆ ಮಾತನಾಡಿದ ಅವನು, ಅನುಭವವು ಪಕ್ವವಾದಂತೆ ಆ ಕಾಠಿನ್ಯವನ್ನು ಬಿಟ್ಟುಕೊಟ್ಟನು. ದೇವರಿಗೆ ಅಂಗೀಕೃತನಾದವನಿಗೂ ಅದರ ಅರಿವು ಇಲ್ಲದಿರಬಹುದೆಂದು ೧೭೬೮ರಲ್ಲಿ ಬರೆದನು.

ಈ ಆತ್ಮಪರೀಕ್ಷೆಯ ಲೌಕಿಕ ಪರಿಣಾಮವನ್ನು ಕುರಿತು ಜರ್ಮನಿಯ ಮ್ಯಾಕ್ಸ್ ವೇಬರನು ೧೯೦೪-೦೫ರಲ್ಲಿ ಮಂಡಿಸಿದ ವಾದವು ಸುಪ್ರಸಿದ್ಧ. ತಾನು ಆರಿಸಲ್ಪಟ್ಟವನೇ ಎಂಬ ಕಳವಳವೇ ಪ್ಯೂರಿಟನ್ ಪಂಥದವರನ್ನು ಶಿಸ್ತಿನ ದುಡಿಮೆಗೂ ಮಿತವ್ಯಯಕ್ಕೂ ತೊಡಗಿಸಿ, ಬಂಡವಾಳಶಾಹಿಯ ಮನೋಧರ್ಮವನ್ನು ಬೆಳೆಸಿತೆಂದು ಅವನ ಅಭಿಪ್ರಾಯ. ಅರ್ಥವ್ಯವಸ್ಥೆಗೆ ಸಂಬಂಧಿಸಿದಂತೆ ಈ ವಾದವು ಬಲವಾದ ಟೀಕೆಗೆ ಗುರಿಯಾಗಿದೆ. ಆದರೂ ನಿಶ್ಚಯದ ಪ್ರಶ್ನೆಯು ಪಂಡಿತರ ಪೀಠಗಳಲ್ಲಿ ಮಾತ್ರ ಉಳಿಯದೆ ದಿನಚರಿಯೊಳಕ್ಕೂ ಇಳಿಯಿತೆಂಬುದನ್ನು ಅವನು ತೋರಿಸಿಕೊಟ್ಟನು.

ಕನ್ನಡನಾಡಿಗೂ ಈ ಇತಿಹಾಸದ ಸಂಬಂಧವುಂಟು. ಮಂಗಳೂರಿನ ಕಥೋಲಿಕರು ಟ್ರೆಂಟ್ ಮಹಾಸಭೆಯ ಬೋಧನೆಯಲ್ಲಿ ಬೆಳೆದವರು. ೧೮೩೪ರಲ್ಲಿ ಅದೇ ಊರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದ ಸಂಸ್ಕಾರವುಳ್ಳವರಾಗಿದ್ದು, ಹೃದಯದ ಪರಿವರ್ತನೆಗೆ ಪ್ರಾಧಾನ್ಯವನ್ನು ಕೊಟ್ಟರು. ಮೈಸೂರು ಸಂಸ್ಥಾನದಲ್ಲಿ ನೆಲೆಗೊಂಡ ವೆಸ್ಲಿಯನ್ ಮಿಶನ್ನಿನವರು ವೆಸ್ಲಿಯ ಪರಂಪರೆಗೆ ಸೇರಿದವರು. ಮೋಗ್ಲಿಂಗ್, ಕಿಟೆಲ್ ಮೊದಲಾದವರ ಭಾಷಾಸೇವೆಯನ್ನು ನಾವು ಕೃತಜ್ಞತೆಯಿಂದ ನೆನೆಯುವಾಗ, ಅವರನ್ನು ಸಮುದ್ರ ದಾಟಿಸಿದ ಪ್ರೇರಣೆಯಲ್ಲಿ ಈ ನಿಶ್ಚಯದ ಅನುಭವಕ್ಕೂ ಸ್ಥಾನವಿದ್ದಿತೆಂಬುದನ್ನು ಮರೆಯಲಾಗದು. ನಂಬಿಕೆ, ಭರವಸೆ, ನಿರೀಕ್ಷೆ, ರಕ್ಷಣೆ ಎಂಬ ಕನ್ನಡ ಮಾತುಗಳಿಗೆ ಅವರ ಬೋಧನೆಗಳಲ್ಲಿ ಬಂದ ಅರ್ಥಭೇದಗಳನ್ನು ವಿದ್ಯಾರ್ಥಿಗಳು ಅಭ್ಯಸಿಸುವುದು ಯೋಗ್ಯವಾಗಿದೆ.

೫

ಲೂಥರನೂ ಕಾಯೆತಾನನೂ ಎದುರುಬದುರಾಗಿ ನಿಂತ ಆಗ್ಸ್‌ಬರ್ಗ್ ನಗರದಲ್ಲಿಯೇ, ೧೯೯೯ರ ಅಕ್ಟೋಬರ್ ೩೧ರಂದು, ಲೂಥರನ್ ವಿಶ್ವಒಕ್ಕೂಟವೂ ಕಥೋಲಿಕ ಸಭೆಯೂ ಒಂದು ಸಂಯುಕ್ತ ಘೋಷಣೆಗೆ ಸಹಿಹಾಕಿದುವು. ರಕ್ಷಣೆಯ ನಿಶ್ಚಯಕ್ಕೆ ಅದರಲ್ಲಿ ಪ್ರತ್ಯೇಕವಾದ ಭಾಗವೇ ಇದೆ. ಭಕ್ತನು ತನ್ನ ಅನುಭವದಿಂದ ದೃಷ್ಟಿಯನ್ನು ತಿರುಗಿಸಿ ಕ್ರಿಸ್ತನ ವಾಗ್ದಾನವನ್ನೇ ನಂಬಬೇಕೆಂಬ ಸುಧಾರಕರ ಕಾಳಜಿಯನ್ನು ಕಥೋಲಿಕರು ತಮ್ಮದೆಂದು ಒಪ್ಪಿದರು. ತನ್ನ ದೌರ್ಬಲ್ಯವನ್ನು ನೋಡಿದವನಿಗೆ ಆತಂಕವುಂಟಾಗಬಹುದೆಂಬ ಮಾತೂ ಅಲ್ಲಿ ಉಳಿಯಿತು. ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರಲ್ಲಿ ಕ್ಯಾಲ್ವಿನನ ಪರಂಪರೆಯ ಸಭೆಗಳ ವಿಶ್ವಒಕ್ಕೂಟವೂ ಈ ಘೋಷಣೆಯೊಡನೆ ಸೇರಿಕೊಂಡವು. ಕಡೆಯವರೆಗೆ ನೆಲೆನಿಲ್ಲುವ ಎರಡನೆಯ ಪ್ರಶ್ನೆಯಲ್ಲಿ ಮಾತ್ರ ಪಂಗಡಗಳ ಭೇದವು ಪೂರ್ಣವಾಗಿ ಅಳಿದಿಲ್ಲ.

ಮೇಲೆ ವಿವರಿಸಿದ ಸಂಗತಿಗಳಿಂದ ನಾವು ಒಂದು ನಿರ್ಣಯಕ್ಕೆ ಬರಬಹುದೆಂದು ತೋರುತ್ತದೆ. ನಿಶ್ಚಯದ ಆಧಾರವನ್ನು ಭಕ್ತನ ಹೊರಗೆ, ಅಂದರೆ ದೇವರ ವಾಗ್ದಾನದಲ್ಲಿ ಇಟ್ಟಾಗ ಅದು ಮನಸ್ಸಿಗೆ ವಿಶ್ರಾಂತಿಯನ್ನು ತಂದಿತು. ಆ ಆಧಾರವನ್ನು ಅವನೊಳಗೆ, ಅವನ ಸದಾಚಾರದಲ್ಲಾಗಲಿ ಅನುಭವದಲ್ಲಾಗಲಿ ಹುಡುಕಲು ತೊಡಗಿದಾಗ ಹಳೆಯ ಭಯವು ಹೊಸ ಹೆಸರಿನಿಂದ ಮರಳಿತು. ಒಳಗೆ ನೋಡಬೇಡವೆಂದ ಬೋಧಕರ ಶಿಷ್ಯರೇ ಒಳಗೆ ನೋಡಿದರು. ಇದನ್ನು ಅವರ ಅಪರಾಧವೆಂದು ಎಣಿಸಲಾಗದು. ವಾಗ್ದಾನವು ಎಲ್ಲರಿಗೂ ಸಾಮಾನ್ಯವಾದುದು, ಅದು ತನಗೂ ಸಲ್ಲುವುದೇ ಎಂಬ ಸಂದೇಹವು ಒಬ್ಬೊಬ್ಬನದು. ಗ್ರೆಗೋರಿಯಾ ಪೋಪರನ್ನು ಕೇಳಿದುದು ಲೋಕದ ರಕ್ಷಣೆಯ ವಿಷಯವನ್ನಲ್ಲ, ತನ್ನ ಪಾಪಗಳ ವಿಷಯವನ್ನು. ಮತಗಳ ಇತಿಹಾಸವನ್ನು ಬರೆಯುವವರು ಮಹಾಸಭೆಗಳ ನಿರ್ಣಯಗಳ ಜೊತೆಗೆ ಇಂಥ ಪತ್ರಗಳನ್ನೂ ಓದಬೇಕೆಂಬುದು ನಮ್ಮ ವಿನಮ್ರ ಸೂಚನೆ.