ಕಾಫಿಗೂ ನಿಷೇಧ ಇತ್ತು!

ಇಲ್ಲಿ ಮೋಲ್ನ್‌ಡಾಲ್‌ನ ನಮ್ಮ ಆಫೀಸಲ್ಲಿ ಪ್ರಾಜೆಕ್ಟ್ ಬೇಕಾದ್ರೆ ಲೇಟಾಗಲಿ, ಮೂರು ಗಂಟೆಯ ‘ಫೀಕಾ’ ತಪ್ಪಂಗಿಲ್ಲ! ಅಂದ್ರೆ ಕಾಫಿ, ಏಲಕ್ಕಿ ಬನ್ನು, ಒಂದಿಷ್ಟು ಹರಟೆ. ಮ್ಯಾನೇಜರೇ ಬಂದು ಎಬ್ಬಿಸ್ಕೊಂಡು ಹೋಗ್ತಾರೆ.

ತಮಾಷೆ ನೋಡಿ, ಇದೇ ಸ್ವೀಡನ್ 1756ರಲ್ಲಿ ಕಾಫಿಯನ್ನೇ ನಿಷೇಧಿಸಿತ್ತು. ಹಣ ಹೊರದೇಶಕ್ಕೆ ಹೋಗುತ್ತೆ ಅನ್ನೋ ಚಿಂತೆ. 1794, 1799, 1817ರಲ್ಲಿ ಮತ್ತೆ ನಿಷೇಧ. ಜನ ಕದ್ದು ಕುಡಿದರು. ಕೊನೆಗೆ ಸೋತಿದ್ದು ಕಾನೂನೇ.

ನಮ್ಮ ಬೆಂಗಳೂರಲ್ಲಿ ಯಾರೂ ನಿಷೇಧಿಸಲಿಲ್ಲ. ಆದ್ರೂ ಅಪ್ಪನ ಕಾಲದವರು ಇಂಗ್ಲಿಷ್ ಸಿನಿಮಾ ನೋಡ್ತಿದ್ದ ಎಂ.ಜಿ. ರೋಡಿನ ಪ್ಲಾಜಾ ಮೆಟ್ರೋಗೆ ಜಾಗ ಬಿಟ್ಟಿತು. ಅದೇ ರೋಡಿನ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯ್ತು.

ಕಾಫಿಯನ್ನ ಕಾನೂನು ಓಡಿಸಲಾರದು. ಕೂತು ಹರಟೋ ಜಾಗ ಮಾತ್ರ ಸದ್ದಿಲ್ಲದೆ ಹೋಗಿಬಿಡುತ್ತೆ. ನಿಮ್ಮೂರಲ್ಲಿ ಅಂಥದ್ದು ಇನ್ನೂ ಇದ್ರೆ, ಈ ಭಾನುವಾರವೇ ಹೋಗಿ ಬನ್ನಿ!